ಆಚೆ ಬದಿಯ ಬಸ್ಸು: ಒಬ್ಬ ಹುಡುಗನಿಗಾಗಿ 80 ಗಂಟೆ ಹುಡುಕಿದ್ದು

ನಾನು ಕಾಫಿ ತೋಟದಲ್ಲಿ ರೈಟರ್. ಹೊರಗಿನವರಿಗೆ ರೈಟರ್ ಅಂದ ಕೂಡಲೇ ಕಥೆ ಕಾದಂಬರಿ ನೆನಪಾಗುತ್ತದೆ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ರೈಟರ್ ಅಂದರೆ ಹಾಜರಿ ಬರೆಯುವವನು. ಯಾರು ಬಂದರು, ಯಾರು ಬರಲಿಲ್ಲ, ಎಲ್ಲಿ ಏನು ಕೆಲಸ ನಡೆಯಿತು, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಟೈಮು, ಜನರ ಲೆಕ್ಕ, ಯಾರು ಯಾವ ಕಡೆ ಹುಡುಕಿದರು ಅನ್ನುವುದೆಲ್ಲ ನೆನಪಿನಿಂದ ಬರೆದದ್ದಲ್ಲ. ಆ ನಾಲ್ಕು ದಿನ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಚಿಕೊಂಡದ್ದು. ಆ ಹಾಳೆಗಳು ಒದ್ದೆಯಾಗಿ ಒಣಗಿ ಹಪ್ಪಳದ ಹಾಗೆ ಆಗಿವೆ, ಆದರೆ ಓದಲು ಬರುತ್ತವೆ.

ಹುಡುಗನ ಹೆಸರು, ಊರು, ಕಾಲೇಜು ಯಾವುದನ್ನೂ ಇಲ್ಲಿ ಹಾಕುತ್ತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇದು ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ನಾವು ಅವನ ಫೋಟೋವನ್ನು ಹಾಸನ ಜಿಲ್ಲೆಗೆಲ್ಲ ಹಂಚಿ ಆಗಿತ್ತು.

ಅವನಿಗೆ 16 ವರ್ಷ, ಫಸ್ಟ್ ಪಿಯುಸಿ, ಸೈನ್ಸ್. ಮನೆ ಇರುವುದು ಸಕಲೇಶಪುರದಿಂದ ಹಾನುಬಾಳು ಮೇಲೆ ಮೂಡಿಗೆರೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಅಪ್ಪನಿಗೆ ಎರಡು ಎಕರೆ ಕಾಫಿ, ಜೊತೆಗೆ ನಮ್ಮ ತೋಟದ ಪಿಕಪ್ ಓಡಿಸುತ್ತಾನೆ. ಹುಡುಗ ದಿನಾ ಬೆಳಿಗ್ಗೆ ರಸ್ತೆಗೆ ನಡೆದು ಬಂದು ಸಕಲೇಶಪುರದ ಬಸ್ ಹತ್ತುತ್ತಿದ್ದ, ಸಂಜೆ ನಾಲ್ಕೂವರೆ ಹೊತ್ತಿಗೆ ವಾಪಸ್. ಮಾತು ಕಡಿಮೆ. ಕಂಡರೆ ನಗುತ್ತಿದ್ದ.

ಜುಲೈ ತಿಂಗಳು. ಶನಿವಾರ ರಾತ್ರಿಯಿಂದ ಕರೆಂಟ್ ಇರಲಿಲ್ಲ. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಬೇಡ, ಮರ ಬೀಳುತ್ತದೆ, ಲೈನ್ ಹರಿಯುತ್ತದೆ, ಲೈನ್‌ಮನ್ ಬರುವ ಹೊತ್ತಿಗೆ ಇನ್ನೆರಡು ಮರ ಬಿದ್ದಿರುತ್ತವೆ. ಊರಿನ ಅರ್ಧ ಜನ ಫೋನ್ ಚಾರ್ಜಿಗೆ ನಮ್ಮ ಆಫೀಸಿನ ಇನ್ವರ್ಟರ್ ಹತ್ತಿರ ಬರುತ್ತಾರೆ. ಹುಡುಗನೂ ಭಾನುವಾರ ಸಂಜೆ ಬಂದಿದ್ದ. ಕರೆಂಟ್ ಇಲ್ಲದ ದಿನಗಳಲ್ಲಿ ಹುಡುಗರು ಚಾರ್ಜರನ್ನು ಅಲ್ಲೇ ಬಿಟ್ಟು ಫೋನ್ ಮಾತ್ರ ತಗೊಂಡು ಹೋಗುತ್ತಾರೆ, ನಾಳೆ ಮತ್ತೆ ಬರಲೇಬೇಕಲ್ಲ. ಅವನು ಚಾರ್ಜರ್ ಕಿತ್ತು, ವೈರು ಸುತ್ತಿ ಜೇಬಿಗೆ ಹಾಕಿಕೊಂಡ. ನಾನು ನೋಡಿದೆ. "ನಾಳೆ ಬರಲ್ವೇನೋ?" ಅಂದೆ. "ಬರ್ತೀನಿ ಅಂಕಲ್" ಅಂದ. ನಾನು ಹಾಜರಿಗೆ ಕೂತೆ.

ಅದೇ ಭಾನುವಾರ ರಾತ್ರಿ ಮಳೆ ರಜೆ ಘೋಷಣೆಯಾಗಿತ್ತು. ನಮ್ಮ ಕಡೆ ಮಳೆ ಜಾಸ್ತಿಯಾದಾಗ ಡಿಸಿಯವರು ಯಾವ ಯಾವ ತಾಲ್ಲೂಕಿಗೆ ರಜೆ ಅಂತ ಹೇಳುತ್ತಾರೆ, ಸುದ್ದಿ ಬರುವುದು ಫೋನಿಗೆ. ಫೋನೇ ಸತ್ತಿದ್ದವರಿಗೆ ಏನು ಗೊತ್ತಾಗಬೇಕು? ಸೋಮವಾರ 7:45ಕ್ಕೆ ಹುಡುಗ ಯೂನಿಫಾರ್ಮ್ ಹಾಕಿ, ಕೊಡೆ ಹಿಡಿದು, ಬ್ಯಾಗ್ ಹೆಗಲಿಗೆ ಹಾಕಿ ಹೊರಟ. ತಾಯಿ ಅಕ್ಕಿರೊಟ್ಟಿ ಕಟ್ಟಿಕೊಟ್ಟರು. ಸಂಜೆ ಬರಲಿಲ್ಲ. ಎಲ್ಲೋ ಮರ ಬಿದ್ದು ಬಸ್ ನಿಂತಿರಬೇಕು ಅಂದುಕೊಂಡರು. ಆರೂವರೆಗೆ ಪಕ್ಕದ ಮನೆ ಹುಡುಗಿ ಹಾಲು ತಗೊಂಡು ಹೋಗಲು ಬಂದವಳು, "ಅಣ್ಣ ಬಂದಿಲ್ಲ ಅಂತ ಯಾಕೆ ಕಾಯ್ತಾ ಇದೀರ ಅತ್ತೆ, ಇವತ್ತು ಕಾಲೇಜಿಗೆ ರಜೆ ಅಲ್ವಾ?" ಅಂದಳು.

ಅಲ್ಲಿಗೆ ಹತ್ತಿರ ಹತ್ತಿರ 11 ಗಂಟೆ ಕಳೆದುಹೋಗಿತ್ತು.

ಏಳೂಕಾಲಿಗೆ ತಾಯಿ ನಮ್ಮ ಕ್ವಾರ್ಟರ್ಸ್ ಬಾಗಿಲಿಗೆ ಬಂದರು. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕಾಲಲ್ಲಿ ಚಪ್ಪಲಿ ಇಲ್ಲ. ಎಂಟು ಗಂಟೆಗೆ 14 ಜನ ಟಾರ್ಚ್ ಹಿಡಿದು ಹೊರಟೆವು. ಮೊದಲು ನೋಡಿದ್ದು ಹಳ್ಳ. ಆಮೇಲೆ ತೋಟದ ಕೆರೆ. ಆಮೇಲೆ ಹಳ್ಳ ದಾಟುವ ಕಾಲುಸಂಕ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ನೀರಿನ ಕಡೆಗೇ ಟಾರ್ಚ್ ಬಿಡುತ್ತಿದ್ದರು.

ಸ್ಟೇಷನ್ನಿಗೆ ಹೋಗೋಣ ಅಂದಾಗ ಅಪ್ಪ ಹಿಂಜರಿದ. "ಬೆಳಗಾಗ್ಲಿ ನೋಡಣ ರೈಟ್ರೇ. ಸ್ಟೇಷನ್ನು ಅಂದ್ರೆ ಊರೆಲ್ಲಾ ಆಗುತ್ತೆ." ಊರು ಆಗಲೇ ಟಾರ್ಚ್ ಹಿಡಿದು ಹಳ್ಳದಲ್ಲಿ ನಿಂತಿತ್ತು, ಆದರೂ ಅವನ ಬಾಯಲ್ಲಿ ಬಂದಿದ್ದು ಅದೇ ಮಾತು. ಒಪ್ಪಿಸಿ ಕರೆದುಕೊಂಡು ಹೋಗುವಾಗ ರಾತ್ರಿ ಹತ್ತೂವರೆ. ಯಾವ ಸ್ಟೇಷನ್ ಅಂತ ಬರೆಯುವುದಿಲ್ಲ. ಮೇಜಿನ ಹಿಂದೆ ಇದ್ದವರು, "24 ಗಂಟೆ ನೋಡಿ. ಈ ವಯಸ್ಸಲ್ಲಿ ಹೋಗ್ತಾರೆ, ಬರ್ತಾರೆ" ಅಂದರು. ನಾವು ತಲೆ ಅಲ್ಲಾಡಿಸಿ ವಾಪಸ್ ಬಂದೆವು.

ಇದೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆ 24 ಗಂಟೆ ಅನ್ನುವುದನ್ನು ನಾನೂ ಕಾನೂನು ಅಂತಲೇ ನಂಬಿದ್ದೆ. ಹಾಗೊಂದು ಕಾನೂನೇ ಇಲ್ಲ. 18 ತುಂಬದ ಮಗು ಕಾಣೆಯಾಗಿದೆ ಅಂತ ಯಾರಾದರೂ ಬಂದು ಹೇಳಿದರೆ ಆಗಲೇ ಎಫ್‌ಐಆರ್ ಹಾಕಬೇಕು, ಬೇರೆ ಏನೂ ಗೊತ್ತಾಗುವ ತನಕ ಅದನ್ನು ಅಪಹರಣ ಅಥವಾ ಸಾಗಾಟ ಅಂತಲೇ ತಿಳಿದು ತನಿಖೆ ಶುರು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2013ರ ಮೇ 10ರಂದು, ಬಚಪನ್ ಬಚಾವೋ ಆಂದೋಲನ್ ಅನ್ನುವ ಸಂಸ್ಥೆ ಹಾಕಿದ್ದ ಕೇಸಿನಲ್ಲಿ ಹೇಳಿದೆ. ನಾಲ್ಕು ತಿಂಗಳಾದರೂ ಸಿಗದಿದ್ದರೆ ಕೇಸು ಮಾನವ ಸಾಗಾಟ ತಡೆ ಘಟಕಕ್ಕೆ ಹೋಗಬೇಕು. ಮೊದಲು ಇದಕ್ಕೆ ಐಪಿಸಿ 363 ಹಾಕುತ್ತಿದ್ದರು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 137. "ನಮ್ಮ ಲಿಮಿಟ್ ಅಲ್ಲ" ಅಂತಲೂ ಕಳಿಸುವ ಹಾಗಿಲ್ಲ, ಝೀರೋ ಎಫ್‌ಐಆರ್ ಅಂತ ಯಾವ ಸ್ಟೇಷನ್ನಲ್ಲಾದರೂ ಬರೆದುಕೊಳ್ಳಬೇಕು. ಇಷ್ಟು ನನಗೆ ಆ ರಾತ್ರಿ ಗೊತ್ತಿದ್ದರೆ ಜಗಳ ಆಡದೆಯೇ ಕೂತು ಬರೆಸಬಹುದಿತ್ತು. ಬರೆಸಿದ್ದು ಮಂಗಳವಾರ ಬೆಳಿಗ್ಗೆ 11ಕ್ಕೆ. ಬೆಳಿಗ್ಗೆ ಇದ್ದ ಅಧಿಕಾರಿ ಬೇರೆ. ಒಂದು ಪ್ರಶ್ನೆ ಜಾಸ್ತಿ ಕೇಳದೆ ಎಫ್‌ಐಆರ್ ಹಾಕಿದರು, ಮಧ್ಯಾಹ್ನ ತಾವೇ ಪ್ಯಾಂಟ್ ಮಡಿಸಿ ಹಳ್ಳಕ್ಕೆ ಇಳಿದರು. ಅದನ್ನೂ ಹೇಳಬೇಕಲ್ವಾ.

ಮಂಗಳವಾರ 163 ಜನ. ಇದು ಹಾಜರಿಯಲ್ಲಿ ಇರುವ ಲೆಕ್ಕ, ಬರೆಸದೆ ಬಂದವರು ಬೇರೆ. ಸುತ್ತಲಿನ ನಾಲ್ಕು ತೋಟದವರು ಕೆಲಸ ನಿಲ್ಲಿಸಿ ಆಳುಗಳನ್ನು ಕಳಿಸಿದರು, ಅವತ್ತಿನ ಸಂಬಳ ಕೊಟ್ಟೇ ಕಳಿಸಿದರು. ನಮ್ಮ ಯಜಮಾನರು "ಎಲ್ರಿಗೂ ಹಾಜರಿ ಹಾಕ್ರಿ" ಅಂದರು. ಒಂದು ಮನೆಯವರು ಅವಲಕ್ಕಿ, ಇನ್ನೊಂದು ಮನೆಯವರು ಕಡಾಯಿ ತುಂಬ ಉಪ್ಪಿಟ್ಟು. ಇಂಬಳ, ಅಂದರೆ ಜಿಗಣೆ, ಕಚ್ಚಬಾರದು ಅಂತ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೊರಟರು. ಎರಡು ವರ್ಷದಿಂದ ಬೇಲಿ ವಿಷಯಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಹಗ್ಗ ಹಿಡಿದು ಹಳ್ಳ ದಾಟಿದರು. ಅವತ್ತಿನ ಜನರನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ. ಅದರ ಜೊತೆಗೇ ಇನ್ನೊಂದನ್ನೂ ಹೇಳುತ್ತೇನೆ: ಆ 163 ಜನರಲ್ಲಿ ಒಬ್ಬರೂ ಹುಡುಗ ಇದ್ದ ಜಾಗದಿಂದ ಮೂರು ಗಂಟೆ ದಾರಿಯ ಹತ್ತಿರಕ್ಕೂ ಹೋಗಿರಲಿಲ್ಲ.

ಆನೆ ಕಾಟ ಬೇರೆ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆಗಳಿಗೆ ಹೆಸರಿವೆ, ಭೀಮ ಅಂದರೆ ಯಾವುದು, ಬೀಟಮ್ಮನ ಗುಂಪು ಅಂದರೆ ಯಾವುದು ಅಂತ ಮಕ್ಕಳಿಗೂ ಗೊತ್ತು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ದಿನಾ ಎಲ್ಲಿ ಆನೆ ಇದೆ ಅಂತ ಮೆಸೇಜ್ ಹಾಕುತ್ತಾರೆ. ಅವತ್ತು ಪಕ್ಕದ ತೋಟದಲ್ಲೇ ಒಂದು ಗುಂಪು ಇತ್ತು. ಮಧ್ಯಾಹ್ನದವರೆಗೆ ಆ ಕಡೆ ಯಾರೂ ಇಳಿಯಬಾರದು ಅಂದರು. ಸರಿ, ಆ ತೋಟದಲ್ಲೇ ಹುಡುಗನಿಗೆ ಏನೋ ಆಗಿದೆ ಅಂತ ಒಂದು ಸುದ್ದಿ ಹುಟ್ಟಿತು. ಹೋಗಬಾರದ ಜಾಗದಲ್ಲೇ ಇದ್ದಾನೆ ಅಂತ ಜನಕ್ಕೆ ಯಾಕೆ ಅನ್ನಿಸುತ್ತದೋ.

ಪೊಲೀಸರು ಫೋನಿನ ವಿವರ ತೆಗೆಸಿದರು. ಕೊನೆಯ ಟವರ್ ನಮ್ಮ ಊರಿನದ್ದೇ, ಸೋಮವಾರ 8:05. ಈ ಮಾತು ಬಾಯಿಂದ ಬಾಯಿಗೆ ಹೋಗಿ ಐದು ನಿಮಿಷದಲ್ಲಿ "ಲೊಕೇಶನ್ ಇಲ್ಲೇ ತೋರಿಸ್ತಾ ಇದೆಯಂತೆ" ಆಯಿತು. ಟವರ್ ಲೊಕೇಶನ್ ಅಂದರೆ ನಕ್ಷೆ ಮೇಲಿನ ಚುಕ್ಕೆ ಅಲ್ಲ. ಪೇಟೆಯಲ್ಲಿ ಟವರ್‌ಗಳು ಒತ್ತೊತ್ತಾಗಿರುತ್ತವೆ, ಅಲ್ಲಿ ಕೆಲವು ನೂರು ಮೀಟರಿಗೆ ಲೆಕ್ಕ ಸಿಗಬಹುದು. ನಮ್ಮ ಗುಡ್ಡದಲ್ಲಿ ಒಂದೇ ಟವರ್ ಹಲವು ಕಿಲೋಮೀಟರಿನ ತೋಟಗಳಿಗೆ, ರಸ್ತೆಗೆ, ಕಾಡಿಗೆ ಎಲ್ಲಕ್ಕೂ ಆಗಬೇಕು. ಜೊತೆಗೆ 8:05 ಅಂದರೆ ಫೋನ್ ಆಫ್ ಆದ ಹೊತ್ತು, ಅಷ್ಟೇ. ಮನುಷ್ಯ ಅಲ್ಲೇ ನಿಂತ ಅಂತಲ್ಲ. ಆದರೆ ನೂರಾರು ಜನ ಕತ್ತಿ ಹಿಡಿದು ನಿಂತಿರುವಾಗ ಇದನ್ನು ಯಾರಿಗೆ ಹೇಳುವುದು?

ಆಮೇಲೆ ಚಪ್ಪಲಿ ಸಿಕ್ಕಿತು. ಸುಮಾರು ಎರಡು ಗಂಟೆ. ಹಳ್ಳ ಹೇಮಾವತಿ ಕಡೆ ತಿರುಗುವ ಜಾಗದಲ್ಲಿ, ಬಿದಿರು ಮೆಳೆಗೆ ಸಿಕ್ಕಿಕೊಂಡಿದ್ದ ಒಂದು ಕಪ್ಪು ರಬ್ಬರ್ ಚಪ್ಪಲಿ, ಎಡಗಾಲಿನದ್ದು. ತಂದವನು ಎರಡೂ ಕೈಯಲ್ಲಿ ಹಿಡಿದು ತಂದ, ಆರತಿ ತಟ್ಟೆ ಹಿಡಿದ ಹಾಗೆ. ಯಾರೂ ಮಾತಾಡಲಿಲ್ಲ. ತಾಯಿಯ ಮುಂದೆ ಇಟ್ಟರು. ಅವರು ಕೈಗೆ ತಗೊಂಡು, ಮಗುಚಿ, ಅಡಿಯ ಕೆಸರನ್ನು ಹೆಬ್ಬೆರಳಲ್ಲಿ ಒರೆಸಿ ನಂಬರ್ ನೋಡಿದರು. "ಇದು ಏಳು. ಅವ್ನು ಒಂಬತ್ತು ಹಾಕೋದು. ಇದು ಅವ್ನದಲ್ಲ" ಅಂದರು. ಮತ್ತೆ, "ಅವ್ನು ಶೂ ಹಾಕ್ಕೊಂಡು ಹೋಗವ್ನೆ" ಅಂದರು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನೂ ನೋಡಿದೆ. ಪಾಪ, ತಾಯಿ, ಒಪ್ಪಿಕೊಳ್ಳಲು ಆಗುತ್ತಿಲ್ಲ, ಹೀಗಿತ್ತು ನಮ್ಮ ನೋಟ. ನಂಬರ್ ಏಳು ಅಂತ ಚಪ್ಪಲಿ ಮೇಲೆ ಅಚ್ಚಾಗಿದೆ, ಅವನ ಹಳೆ ಚಪ್ಪಲಿ ಮನೆ ಹಿಂದೆ ಬಿದ್ದಿದೆ, ಹೋಗಿ ಅಳತೆ ನೋಡಿದರೆ ಮುಗಿಯಿತು. ಯಾರೂ ಹೋಗಲಿಲ್ಲ. ಅಗ್ನಿಶಾಮಕ ದಳದವರನ್ನು ಕರೆಸಿದೆವು, ಉಕ್ಕುವ ನೀರಲ್ಲಿ ಪಾಪ ಅವರು ಜೀವ ಒತ್ತೆ ಇಟ್ಟು ಕತ್ತಲಾಗುವ ತನಕ ಕೊಕ್ಕೆ ಹಾಕಿದರು. ಬುಧವಾರ ಬೆಳಿಗ್ಗೆ ಮತ್ತೆ. ಹತ್ತಿರ ಹತ್ತಿರ ಒಂದು ದಿನ ನಾವು ಯಾರದೋ ಎಡಗಾಲಿನ ಚಪ್ಪಲಿ ಹಿಂದೆ ಹೋದೆವು.

ಈ ನಡುವೆ ಮೆಸೇಜು. ಮೊದಲನೆಯದನ್ನು ಬರೆದವನು ನಾನೇ. ಫೋಟೋ, ವಯಸ್ಸು, ಎತ್ತರ, ಯೂನಿಫಾರ್ಮಿನ ಬಣ್ಣ, ಕೆಳಗೆ ಅಪ್ಪನ ಮೊಬೈಲ್ ನಂಬರ್. ಅದನ್ನು ಯಾರೋ ಮುಂದಕ್ಕೆ ಕಳಿಸುವಾಗ ಒಂದು ಸಾಲು ಸೇರಿಸಿದರು: "ಪರೀಕ್ಷೆಯಲ್ಲಿ ಫೇಲ್ ಆದ ಬೇಸರಕ್ಕೆ ಮನೆ ಬಿಟ್ಟು ಹೋಗಿದ್ದಾನೆ." ಕಾಲೇಜಿನಿಂದ ಅಷ್ಟು ಹೊತ್ತಿಗೆ ಸುದ್ದಿ ಬಂದಿತ್ತು, ಟೆಸ್ಟಲ್ಲಿ ಮಾರ್ಕ್ಸ್ ಕಡಿಮೆ, ಸೋಮವಾರ ಅಪ್ಪನನ್ನು ಕರೆದುಕೊಂಡು ಬಾ ಅಂದಿದ್ದರು ಅಂತ. ಇನ್ನೊಬ್ಬರು "ಒಂದು ಶೇರ್ ತಾಯಿಯ ಕಣ್ಣೀರು ಒರೆಸಬಹುದು" ಅಂತ ಸೇರಿಸಿದರು. ಸಂಜೆಯೊಳಗೆ ಹಾಸನ, ಅರಸೀಕೆರೆ, ಹೊಳೆನರಸೀಪುರ ಎಲ್ಲ ಕಡೆ.

ಅಪ್ಪನ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳಲು ಶುರುವಾಯಿತು. ಸಿಕ್ಕಿದ್ನಾ, ಸಿಕ್ಕಿದ್ನಾ, ಸಿಕ್ಕಿದ್ನಾ. ಪೊಲೀಸರೇ ಅವನಿಗೆ ಫೋನ್ ಮಾಡಿದರೆ ಎಂಗೇಜ್. ರಾತ್ರಿ ಒಬ್ಬ ಕರೆ ಮಾಡಿ, ಹುಡುಗನಿಗೆ ಮೈಸೂರಲ್ಲಿ ಆಕ್ಸಿಡೆಂಟ್ ಆಗಿದೆ, ಆಪರೇಷನ್ನಿಗೆ 8,000 ರೂಪಾಯಿ ಹಾಕಿ ಅಂದ. ಹುಡುಗನ ಸೋದರಮಾವ ಹಿಂದೆ ಮುಂದೆ ನೋಡದೆ 2,000 ಕಳಿಸಿಬಿಟ್ಟರು. ಆಮೇಲೆ ಆ ನಂಬರ್ ಸ್ವಿಚ್ ಆಫ್. ಇಂಥ ಮೋಸಕ್ಕೆ 1930 ಅಂತ ಸಹಾಯವಾಣಿ ಇದೆ, ಅದಕ್ಕೆ ಹೇಳಿದೆವು, ದುಡ್ಡು ಬರಲಿಲ್ಲ.

ಬುಧವಾರ ಬೆಳಿಗ್ಗೆ ಇನ್ನೂ ಕೆಟ್ಟದಾಗುವುದರಲ್ಲಿತ್ತು. ಬಿಳಿ ಬಣ್ಣದ ಓಮ್ನಿ ನೋಡಿದೆ ಅಂತ ಒಬ್ಬ ಅಂದ. ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ, ಇರುವ ಅಸ್ಸಾಮಿನವರ ಮೇಲೆ ಇನ್ನೊಬ್ಬನಿಗೆ ಅನುಮಾನ. ಹತ್ತಿಪ್ಪತ್ತು ಹುಡುಗರು ಲೈನಿನ ಕಡೆ ಹೊರಟೇಬಿಟ್ಟರು, ಕೈಯಲ್ಲಿ ಹುಡುಕಲು ತಂದಿದ್ದ ಕತ್ತಿ, ದೊಣ್ಣೆ. ನನಗೆ ತಕ್ಷಣ ನೆನಪಾಗಿದ್ದು 2018ರ ಜುಲೈ. ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟ ಅಂತ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಅಂದುಕೊಂಡು ಜನ ಹೊಡೆದು ಕೊಂದರಲ್ಲ, ಅದು. ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಕಟ್ಟು ಹಾಕಿದ್ದು ಅದೇ ತಿಂಗಳು. ಓಡಿ ಹೋಗಿ ದಾರಿಗೆ ಅಡ್ಡ ನಿಂತು ಹಾಜರಿ ಪುಸ್ತಕ ತೆಗೆದು ತೋರಿಸಿದೆ. ಸೋಮವಾರ, ಕೆಲಸ ಮರ ಕಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಅಸ್ಸಾಮಿನ ಆ 11 ಜನರ ಮುಂದೆಯೂ ಟಿಕ್ ಇದೆ, ಬೆಳಿಗ್ಗೆ ಎಂಟರಿಂದ ಸಂಜೆ ತನಕ ಮೇಸ್ತ್ರಿ ಕಣ್ಣ ಮುಂದೆ. ಮೇಸ್ತ್ರಿಯೂ ಬಂದು ಹೌದು ಅಂದ. ಹುಡುಗರು ಗೊಣಗಿಕೊಂಡು ವಾಪಸ್ ಹೋದರು. ಆ 11 ಜನರಲ್ಲಿ ಎಂಟು ಜನ ಹಿಂದಿನ ದಿನ ನಮ್ಮ ಜೊತೆಗೇ ಹಳ್ಳದಲ್ಲಿ ಹುಡುಕಿದ್ದರು. ಅದೂ ಹಾಜರಿಯಲ್ಲೇ ಇತ್ತು.

ಅವತ್ತು ಮಧ್ಯಾಹ್ನ ಬೇಲೂರಿನಿಂದ ಹುಡುಗನ ಚಿಕ್ಕಮ್ಮ ಬಂದರು. ಈ ಪ್ರಕರಣ ತಿರುಗಿದ್ದು ಅವರಿಂದ. ಅವರು ಹಳ್ಳದ ಕಡೆ ಹೋಗಲೇ ಇಲ್ಲ. ನೇರ ಒಳಗೆ ಹೋಗಿ ಅವನ ಟ್ರಂಕ್ ತೆಗೆದು ಒಂದೊಂದೇ ಬಟ್ಟೆ ಹಾಸಿಗೆ ಮೇಲೆ ಹಾಕುತ್ತಾ ಅಕ್ಕನನ್ನು ಕೇಳಿದರು, "ಇಲ್ಲಿ ಏನಿಲ್ಲ ಹೇಳು." ಎರಡು ದಿನದಿಂದ ನಾವೆಲ್ಲ ಕೇಳಿದ್ದು ಎಲ್ಲಿಗೆ ಹೋದ, ಯಾಕೆ ಹೋದ, ಯಾರ ಜೊತೆ ಹೋದ. ಏನು ತಗೊಂಡು ಹೋದ ಅಂತ ಒಬ್ಬರೂ ಕೇಳಿರಲಿಲ್ಲ.

ಇಲ್ಲದ್ದು: ನೀಲಿ ಸ್ವೆಟರ್, ಒಂದು ಟವೆಲ್, ಚಾರ್ಜರ್, ಆಧಾರ್ ಕಾರ್ಡ್. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಸಿವೆ ಡಬ್ಬಿಯಲ್ಲಿದ್ದ ಸಂಘದ ದುಡ್ಡಲ್ಲಿ 600 ರೂಪಾಯಿ ಇಲ್ಲ ಅಂದರು. ಸೋಮವಾರ ರಾತ್ರಿಯೇ ನೋಡಿದ್ದರಂತೆ. ಹೇಳಿರಲಿಲ್ಲ. ಮಗ ಕದ್ದ ಅಂತ ಪೊಲೀಸರ ಮುಂದೆ ಹೇಗೆ ಹೇಳುವುದು.

ಚಾರ್ಜರ್ ಅಂದ ಕೂಡಲೇ ನನಗೆ ಕೂತಲ್ಲೇ ಬೆವರಿತು. ಭಾನುವಾರ ಸಂಜೆ ನನ್ನ ಕಣ್ಣ ಮುಂದೆಯೇ ಅವನು ವೈರು ಸುತ್ತಿದ್ದು. ತಾಯಿಯ ಬಾಯಿ ಮರ್ಯಾದೆ ಕಟ್ಟಿತ್ತು ಅನ್ನೋಣ. ನನಗೆ ಏನು ಕಟ್ಟಿತ್ತು? ಸುಮ್ನೆ, ಅದು ಹೇಳುವಂಥ ವಿಷಯ ಅಂತ ಹೊಳೆದಿರಲಿಲ್ಲ.

ಚಿಕ್ಕಮ್ಮ ಆಧಾರ್ ಹಿಡಿದುಕೊಂಡರು. "ಹೆಣ್ಣುಮಗು ಆಗಿದ್ರೆ ಫ್ರೀ ಬಸ್ಸಿಗೆ ತಗೊಂಡು ಹೋದ್ಲು ಅನ್ಬೋದಿತ್ತು ಅಣ್ಣ. ಗಂಡು ಹುಡ್ಗುಂಗೆ ಆಧಾರ್ ಯಾಕೆ? ಎಲ್ಲೋ ಕೆಲ್ಸ ಕೇಳಕ್ಕೆ ಹೋಗವ್ನೆ. ಹಳ್ಳದಿಂದ ಎಲ್ರುನ್ನೂ ಕರೀರಿ." 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಹೆಂಗಸರ ಪರ್ಸಿನಲ್ಲಿ ಆಧಾರ್ ಇದ್ದೇ ಇರುತ್ತದೆ. ಅದನ್ನು ಹಿಡಿದು ಹೀಗೆ ಲೆಕ್ಕ ಹಾಕಲು ಹೆಂಗಸಿಗೇ ಸಾಧ್ಯ. ನನ್ನ ಹಾಜರಿಯ 163 ಹೆಸರಲ್ಲಿ ಒಂದೇ ಒಂದು ಹೆಂಗಸಿನ ಹೆಸರಿಲ್ಲ. ಅವರೆಲ್ಲ ಉಪ್ಪಿಟ್ಟು ಮಾಡುತ್ತಿದ್ದರು.

ಸಂಜೆ ಆಕೆಯೇ ಹುಡುಗನ ಗೆಳೆಯನನ್ನು ಕರೆಸಿದರು. ಮಂಗಳವಾರ ನಾವು ಅವನನ್ನು ಕೇಳಿದ್ದೆವು, ಹೇಗೆ ಅಂದರೆ, ಇಪ್ಪತ್ತು ಜನ ಸುತ್ತ ನಿಂತು, ಅವನ ಅಪ್ಪನನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು. "ನಂಗೇನೂ ಗೊತ್ತಿಲ್ಲ" ಅಂದಿದ್ದ. ಇನ್ನೇನು ಅಂದಾನು? ಚಿಕ್ಕಮ್ಮ ಅವನನ್ನು ಅಡುಗೆಮನೆಯಲ್ಲಿ ಒಲೆ ಮುಂದೆ ಕೂರಿಸಿ, ಕಾಫಿ ಕೊಟ್ಟು, ಬಾಗಿಲು ಮುಂದಕ್ಕೆ ಮಾಡಿಕೊಂಡರು. ಕಾಲು ಗಂಟೆಯಲ್ಲಿ ಎಲ್ಲ ಬಂತು. ಟೆಸ್ಟಿನ ಮಾರ್ಕ್ಸ್ ಕಾರ್ಡಿಗೆ ಹುಡುಗ ಅಪ್ಪನ ಸೈನ್ ತಾನೇ ಹಾಕಿದ್ದ. ಅದು ಕಾಲೇಜಲ್ಲಿ ಗೊತ್ತಾಗಿತ್ತು. ಸೋಮವಾರ ಅಪ್ಪ ಬಂದರೆ ಮಾರ್ಕ್ಸ್ ಅಲ್ಲ, ಸೈನ್ ಬಯಲಾಗುತ್ತಿತ್ತು. "ಎಲ್ಲಾದ್ರೂ ಹೋದ್ರೆ ಹಾಸನ ಕಡೆ ಹೋಗಲ್ಲ, ಅಲ್ಲಿ ಎಲ್ಲಾ ನಮ್ಮೋರೇ ಸಿಕ್ತಾರೆ" ಅಂದಿದ್ದನಂತೆ.

ಆಗ ನಾನು ಹಾಜರಿಯ ಹಿಂದಿನ ಹಾಳೆ ಬಿಡಿಸಿದೆ. ಯಾವ ಗುಂಪು ಎಲ್ಲಿ ನೋಡಿತು ಅಂತ ಬರೆದಿದ್ದೆನಲ್ಲ. ಹಳ್ಳ, ಕೆರೆ, ನಾಲ್ಕು ತೋಟ, ಸಕಲೇಶಪುರ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಹೇಮಾವತಿ ಸೇತುವೆ, ಹಾಸನದ ಬಸ್ ಸ್ಟ್ಯಾಂಡು. ಮೂಡಿಗೆರೆ ಅನ್ನುವ ಪದ ಎಲ್ಲೂ ಇಲ್ಲ. ಹುಡುಗ ದಿನಾ ರಸ್ತೆಯ ಈ ಬದಿಯಲ್ಲಿ ನಿಲ್ಲುತ್ತಿದ್ದ, ಅದಕ್ಕೆ ಎಲ್ಲರೂ ಈ ಬದಿಯ ಬಸ್ಸಿನ ಹಿಂದೆ ಹೋಗಿದ್ದೆವು. ಆಚೆ ಬದಿಗೂ ಬಸ್ ಬರುತ್ತದೆ. ಕೆಲವೇ ಕಿಲೋಮೀಟರ್ ಆಚೆಗೆ ಚಿಕ್ಕಮಗಳೂರು ಜಿಲ್ಲೆ. ಬೇರೆ ಎಸ್‌ಪಿ, ಬೇರೆ ಪೇಪರ್ ಪುಟ, ಬೇರೆ ಗ್ರೂಪುಗಳು. ನಮ್ಮ ಮೆಸೇಜು ದೂರದ ಅರಸೀಕೆರೆಗೆ ಹೋಗಿತ್ತು, ಪಕ್ಕದ ಮೂಡಿಗೆರೆಗೆ ಹೋಗಿರಲಿಲ್ಲ.

ಪೊಲೀಸರಿಗೆ ಹೇಳಿದ ಮೇಲೆ ಅವರ ಕೆಲಸ ಚುರುಕಾಗಿಯೇ ನಡೆಯಿತು. ಸೋಮವಾರ ಎಂಟು ಗಂಟೆ ಸುಮಾರಿಗೆ ಮೂಡಿಗೆರೆ ಕಡೆ ಹೋದ ಬಸ್ಸಿನ ಕಂಡಕ್ಟರ್ ಗುರುವಾರ ಬೆಳಿಗ್ಗೆ ಸಿಕ್ಕಿದರು. ಮಳೆ ದಿನ, ಬಸ್ಸಲ್ಲಿ ಜನ ಕಡಿಮೆ, ನೆನಪಿತ್ತು. "ಪಾಸ್ ತೋರಿಸ್ದ. ಈ ಕಡೆಗೆ ನಡೆಯಲ್ಲ ಕಣಪ್ಪ ಅಂದೆ. ಟಿಕೆಟ್ ತಗೊಂಡ. ಯೂನಿಫಾರ್ಮಲ್ಲಿದ್ದ, ರಜೆ ಅಲ್ವೇನೋ ಅಂದ್ರೆ ಕಿಟಕಿ ಕಡೆ ತಿರುಗ್ದ." ಮಧ್ಯಾಹ್ನ ಮೂಡಿಗೆರೆ ಬಸ್ ಸ್ಟ್ಯಾಂಡಿನ ಕ್ಯಾಮರಾದಲ್ಲಿ ನೀಲಿ ಸ್ವೆಟರ್ ಕಂಡಿತು, ಕಳಸದ ಬಸ್ ಹತ್ತುತ್ತಾ.

ಅದೇ ಹೊತ್ತಿಗೆ ಕಳಸದಿಂದಲೇ ಕರೆ ಬಂತು. ಎರಡು ದಾರಿ ಒಂದೇ ಗಂಟೆಯಲ್ಲಿ ಬಂದು ಕೂಡಿದವು.

ಅವನು ಸೋಮವಾರ ಸೀದಾ ಹೋಗಿದ್ದು ಹೊರನಾಡಿಗೆ. ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಬಂದವರಿಗೆಲ್ಲ ಊಟ ಉಂಟು, ಸಾಲಿನಲ್ಲಿ ಕೂತವರನ್ನು ನಿನ್ನ ಊರು ಯಾವುದು ಅಂತ ಯಾರೂ ಕೇಳುವುದಿಲ್ಲ. ಚಿಕ್ಕವನಿದ್ದಾಗ ಮನೆಯವರ ಜೊತೆ ಹೋಗಿದ್ದ ಜಾಗ. 600 ರೂಪಾಯಿ ಇಟ್ಟುಕೊಂಡವನಿಗೆ ಅದಕ್ಕಿಂತ ಒಳ್ಳೆ ಲೆಕ್ಕ ಇಲ್ಲ. ಮಳೆ ಜಾಸ್ತಿಯಾದರೆ ಭದ್ರಾ ನದಿ ಹೆಬ್ಬಾಳೆ ಸೇತುವೆ ಮೇಲೆ ಹರಿಯುತ್ತದೆ, ಆಗಲೂ ಹರಿದಿತ್ತು, ಮಂಗಳವಾರ ಮಧ್ಯಾಹ್ನ ಸುತ್ತು ದಾರಿಯಲ್ಲಿ ಕಳಸಕ್ಕೆ ಬಂದ. ಒಂದು ಸಣ್ಣ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ ಕೇಳಿದ. ಇಟ್ಟುಕೊಂಡರು. ಗುರುವಾರ ಮಾಲೀಕರ ಹೆಂಡತಿ ಆಧಾರ್ ಕೇಳಿ, ಹುಟ್ಟಿದ ವರ್ಷ ನೋಡಿ, ಹಾಸನ ಜಿಲ್ಲೆ ಅಂತ ಓದಿ, ಅವನಿಗೆ ಊಟಕ್ಕೆ ಬಡಿಸಿ ಒಳಗೆ ಹೋಗಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಗಳ ಶಾಲೆಯ ಗೋಡೆ ಮೇಲೆ ಬರೆದಿದ್ದ ನಂಬರಂತೆ. ಅವರಿಗೆ ನಮ್ಮ ಮೆಸೇಜ್ ಬಂದೇ ಇರಲಿಲ್ಲ. ಬಂದಿದ್ದರೆ ಮಂಗಳವಾರ ಸಂಜೆಯೇ ಮುಗಿಯುತ್ತಿತ್ತು ಅಂತ ನನ್ನ ಲೆಕ್ಕ.

ಮೆಸೇಜ್ ತಲುಪಿದ್ದು ಅವನಿಗೆ. ಮಂಗಳವಾರ ರಾತ್ರಿ ಹೋಟೆಲಿನ ವೈಫೈ ಸಿಕ್ಕಿ ಫೋನ್ ತೆರೆದಿದ್ದಾನೆ. ಕ್ಲಾಸಿನವರ ಸ್ಟೇಟಸ್‌ನಲ್ಲೆಲ್ಲ ಅವನದೇ ಮುಖ, ಕೆಳಗೆ ಫೇಲ್ ಆಗಿದ್ದಾನೆ ಅಂತ. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ದಿನ ಆದ ಮೇಲೆ, ಫೋನ್ ಚಾರ್ಜಿಗೆ ಬಂದಾಗ. "ಬುಧವಾರ ವಾಪಸ್ ಬರೋಣ ಅಂತಿದ್ದೆ ಅಂಕಲ್. ಅದು ನೋಡಿದ್ಮೇಲೆ ಆಗ್ಲಿಲ್ಲ. ನಾನ್ ಫೇಲೇ ಆಗಿರ್ಲಿಲ್ಲ." ನಿಜ, ಕೆಮಿಸ್ಟ್ರಿಯಲ್ಲಿ ಕಡಿಮೆ ಬಂದಿತ್ತು, ಅಷ್ಟೇ. ಇನ್ನೊಂದು ಮಾತೂ ಹೇಳಿದ. ಸೋಮವಾರ ರಸ್ತೆಗೆ ಬಂದಾಗ ಯಾರೋ ಬೈಕಿನವರು ಇವತ್ತು ರಜೆ ಕಣೋ ಅಂದರಂತೆ. ಅಪ್ಪನನ್ನು ಕರೆದುಕೊಂಡು ಹೋಗುವ ಕೆಲಸವೇ ಇರಲಿಲ್ಲ. ಮನೆಗೆ ತಿರುಗಿ ನಾಲ್ಕು ಹೆಜ್ಜೆ ಹಾಕಿದನಂತೆ. "ಬ್ಯಾಗಲ್ಲಿ ಸ್ವೆಟರ್ ಟವೆಲ್ಲು ಇತ್ತಲ್ಲ. ಅಮ್ಮ ಯಾಕೆ ಅಂತ ಕೇಳಿದ್ರೆ ಏನ್ ಹೇಳೋದು ಅನ್ನಿಸ್ತು. ಅಷ್ಟ್ರಲ್ಲಿ ಆ ಬಸ್ ಬಂತು."

ಗುರುವಾರ 3:45ಕ್ಕೆ ವಿಡಿಯೋ ಕಾಲಿನಲ್ಲಿ ತಾಯಿ ಮಗನ ಮುಖ ನೋಡಿದರು. ಹೊರಟಿದ್ದು ಸೋಮವಾರ 7:45, ಅಲ್ಲಿಗೆ ಸರಿಯಾಗಿ 80 ಗಂಟೆ. ಮೊದಲು ಕೇಳಿದ್ದು "ಊಟ ಮಾಡ್ದಾ?"

ಮೂರು ಜೀಪು ತುಂಬ ಜನ ಕರೆದುಕೊಂಡು ಬರಲು ಹೊರಟರು. ಅಲ್ಲಿ ಹೋದರೆ ಹುಡುಗನನ್ನು ಕೊಡಲಿಲ್ಲ. ಜನಕ್ಕೆ ಸಿಟ್ಟು ಬಂತು, ನಮ್ಮ ಮಗನನ್ನು ನಮಗೆ ಕೊಡಲು ಇವರು ಯಾರು ಅಂತ. ನಿಯಮ ಹೀಗಿದೆ: ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಸಮಿತಿಯವರು ಮಗುವಿನ ಹತ್ತಿರ ಮಾತಾಡಿ ಯಾರಿಗೆ ಒಪ್ಪಿಸಬೇಕು ಅಂತ ಹೇಳಬೇಕು. ಮಗು ಓಡಿ ಹೋಗಿದ್ದು ಮನೆಯಿಂದಲೇ ಅಂದಮೇಲೆ, ಮನೆಯಲ್ಲಿ ಹೊಡೆತ ಇದೆಯಾ ಏನು ಅಂತ ಕೇಳದೆ ವಾಪಸ್ ಕಳಿಸಲು ಆಗುತ್ತದಾ? ನನಗೆ ಇದು ಸರಿ ಅನ್ನಿಸಿತು, ಜೀಪಿನಲ್ಲಿದ್ದವರಿಗೆ ಅನ್ನಿಸಲಿಲ್ಲ. ಶುಕ್ರವಾರ ಚಿಕ್ಕಮಗಳೂರಿನಲ್ಲಿ ಅದೆಲ್ಲ ಮುಗಿದು ಸಂಜೆ ಮನೆಗೆ ಬಂದ. ಅಂಗಳದಲ್ಲಿ ನೂರು ಜನ. ಒಬ್ಬ ಹಾರ ತಂದಿದ್ದ. ಇನ್ನೊಬ್ಬ ವಿಡಿಯೋ ಮಾಡುತ್ತಿದ್ದ. ಹುಡುಗ ತಲೆ ಎತ್ತಲಿಲ್ಲ. ಚಿಕ್ಕಮ್ಮ ಹೊರಗೆ ಬಂದು, "ಎಲ್ರೂ ಕಾಫಿ ಕುಡ್ಕೊಂಡು ಹೊರಡಿ" ಅಂದರು, ಆ ದನಿಗೆ ಎದುರು ಮಾತಾಡುವ ಹಾಗಿರಲಿಲ್ಲ.

ಈಗ ಅವನು ಸೈನ್ಸ್ ಬಿಟ್ಟು ಐಟಿಐಗೆ ಸೇರಿದ್ದಾನೆ. ಅಪ್ಪ ಆ ಸೈನ್ ವಿಷಯಕ್ಕೆ ಬೈದದ್ದು ನಾನು ಕೇಳಿಲ್ಲ. "ನನ್ ಸೈನಿಗಿಂತ ಚೆನ್ನಾಗ್ ಹಾಕವ್ನೆ ರೈಟ್ರೇ" ಅಂತ ಒಂದು ಸಲ ನಕ್ಕ.

ನಮ್ಮ ಆಫೀಸಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ, ಕೈಬರಹ, ಓದಿದವರು ನಗುತ್ತಾರೆ. ತುರ್ತಿಗೆ 112, ಮಕ್ಕಳಿಗೆ 1098. ರಾತ್ರಿಯೇ ಬರೆಸು, 24 ಗಂಟೆ ಅಂದರೆ ಒಪ್ಪಬೇಡ. ಏನು ತಗೊಂಡು ಹೋದ ಅಂತ ಕೇಳು. ಗೆಳೆಯರನ್ನು ಒಬ್ಬೊಬ್ಬರನ್ನೇ ಕೇಳು, ಹೆಂಗಸರು ಕೇಳಲಿ. ರಸ್ತೆಯ ಎರಡೂ ಬದಿ. ಮೆಸೇಜಿನಲ್ಲಿ ಕಾರಣ ಬರೆಯಬೇಡ, ಅಪ್ಪನ ನಂಬರ್ ಹಾಕಬೇಡ, ಸ್ಟೇಷನ್ನಿನ ನಂಬರ್ ಹಾಕು. ತಾಯಿ ಇದು ಅವನದ್ದಲ್ಲ ಅಂದರೆ ಅಲ್ಲ.

ನಂಬರಿನ ವಿಷಯ ಯಾಕೆ ಅಂದರೆ, ಆ ಮೆಸೇಜು ಇನ್ನೂ ಸತ್ತಿಲ್ಲ. ಹುಡುಗ ಸಿಕ್ಕಿದ ಅಂತ ನಾವು ಹಾಕಿದ್ದನ್ನು ಯಾರೂ ಮುಂದೆ ಕಳಿಸಲಿಲ್ಲ, ಕಾಣೆಯಾದ ಅನ್ನುವುದು ಮಾತ್ರ ತಿರುಗುತ್ತಾ ಇದೆ. ಮೊದಲು ತುಮಕೂರು, ಆಮೇಲೆ ದಾವಣಗೆರೆ, ಹೋದ ತಿಂಗಳು ರಾಯಚೂರು. ಅವತ್ತು ಅಪ್ಪ ಪಿಕಪ್ ತೊಳೆಯುತ್ತಿದ್ದ, ಫೋನ್ ನಮ್ಮ ಆಫೀಸಿನ ಮೇಜಿನ ಮೇಲೆ ಚಾರ್ಜಿಗಿತ್ತು. ಹೊಡೆದುಕೊಂಡಿತು. ಹುಡುಗ ಅಲ್ಲೇ ಕೂತಿದ್ದವನು ಎತ್ತಿದ. ಆ ಕಡೆಯವರು ವಯಸ್ಸಾದ ಹೆಂಗಸು ಇರಬೇಕು, ಜೋರು ದನಿ, ನನಗೂ ಕೇಳುತ್ತಿತ್ತು.

"ಯಪ್ಪಾ, ಫೋಟೋದಾಗ ನೋಡೇನಿ, ಆ ಹುಡುಗ ಸಿಕ್ಕಾನೇನ್ರಿ?"

"ಹ್ಞೂಂ ಅಜ್ಜಿ, ಸಿಕ್ಕಿದ" ಅಂದ.

"ಚಲೋ ಆತು. ಉಂಡಾನ?"

"ಹ್ಞೂಂ. ಉಂಡಿದಾನೆ."

ಫೋನ್ ಇಟ್ಟು, ಚಾರ್ಜರಿನ ಪಿನ್ ಸರಿಯಾಗಿ ಕೂತಿದೆಯಾ ಅಂತ ಒಮ್ಮೆ ಒತ್ತಿ ನೋಡಿ, ಹೊರಗೆ ಹೋದ.